ಒಳಗಿನಿಂದ ಕಟ್ಟಿದ ಬೇಲಿ

"ಮೇಡಂ, ಬೆರಳು ನೋಡ್ಕೊಳ್ಳಿ, ರಕ್ತ ಬರ್ತಿದೆ," ಎಂದರು ದಫೇದಾರರು.

ಬರಲಿ ಬಿಡಿ ಎಂದುಕೊಂಡೆ. ಗುಜರಿ ಸಾಹುಕಾರನ ಅಂಗಳದ ಹಿಂಬದಿಯ ಜಾಲರಿ ಬೇಲಿಗೆ ಹಣೆ ಒತ್ತಿ, ಹೊರಗೆ ನಿಂತೇ ಅದರ ಕಣ್ಣುಗಳಲ್ಲಿ ಬೆರಳು ತೂರಿಸಿ ಆಚೆ ಬದಿಯನ್ನು ತಡಕುತ್ತಿದ್ದೆ. ಕತ್ತರಿಸಿದ ತಂತಿಯ ತುದಿಯೊಂದು ಚುಚ್ಚಿತ್ತು. ಅದರ ಪಕ್ಕದಲ್ಲೇ ನಾನು ಹುಡುಕುತ್ತಿದ್ದದ್ದೂ ಸಿಕ್ಕಿತು.

ಮೂರು ದಿನದ ಹಿಂದೆ ಮುಸ್ಸಂಜೆಯಲ್ಲಿ ಈ ಬೇಲಿಯ ಒಳಗೆ ಕಾವಲಿನ ಅಜ್ಜ ತಲೆಗೆ ಪೆಟ್ಟು ತಿಂದು ಎಚ್ಚರವಿಲ್ಲದೆ ಬಿದ್ದಿದ್ದ. ಬೇಲಿಯಲ್ಲಿ ಆಳೆತ್ತರದ ಸೀಳು. ಆ ಸೀಳನ್ನು ಯಾರೋ ಕಟ್ಟುತಂತಿಯಿಂದ ಬಿಗಿದು ಮತ್ತೆ ಮುಚ್ಚಿದ್ದರು. ಬಿಗಿದ ಅಂದ ನೋಡಿ, ಇದು ಬೇಲಿ ಕೆಲಸದವನದೇ ಕೈ ಎಂದು ಠಾಣೆಯವರು ತೀರ್ಮಾನಿಸಿದರು; ಈ ಬೇಲಿ ಹಾಕಿದವರನ್ನೇ ಹಿಡಿದು ತಂದರು. ಅವರು ನನ್ನ ಅಕ್ಕನ ಗಂಡ.

ಅದೇ ಠಾಣೆಯ ಸಬ್ ಇನ್‌ಸ್ಪೆಕ್ಟರ್ ನಾನು. ಆರೋಪಿ ಭಾವನಾದ್ದರಿಂದ ನನ್ನನ್ನು ತನಿಖೆಯಿಂದ ಹೊರಗಿಟ್ಟಿದ್ದರು. ಅಂಗಳದೊಳಗೆ ಕಾಲಿಡುವಂತಿಲ್ಲ, ಫೈಲು ಮುಟ್ಟುವಂತಿಲ್ಲ. ವಿಚಾರಣೆ ಎಂದು ಕೂರಿಸಿಕೊಂಡಿದ್ದವರು ನಿನ್ನೆ ಬಂಧನ ಎಂದು ಬರೆದಿದ್ದರು; ಇವತ್ತು ಸಂಜೆ ಭಾವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಿದರೆ ಅಲ್ಲಿಂದ ನೇರ ಜೈಲು. ಆಸ್ಪತ್ರೆಯಲ್ಲಿರುವ ಅಜ್ಜ ಕಣ್ಣು ಬಿಡದೆ ಹೋಗಿಬಿಟ್ಟರೆ ಕೊಲೆ ಕೇಸು.

"ಹೊರಗಿಂದ ಬೇಲಿ ನೋಡೋಕೆ ಯಾರ ಅಪ್ಪಣೆ ಬೇಕು ಮೇಡಂ? ಬನ್ನಿ, ನಾನು ಕರ್ಕೊಂಡ್ ಹೋಗ್ತೀನಿ" ಎಂದು ಜೀಪು ತೆಗೆದವರು ದಫೇದಾರರೇ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ದೂರು ಬರೆಯುವುದನ್ನು ಕಲಿಸಿದ ಮನುಷ್ಯ. ಠಾಣೆಯಲ್ಲಿ ನನ್ನ ಪರವಾಗಿ ಮಾತಾಡಲು ಅವರೊಬ್ಬರು ಬಿಟ್ಟರೆ ಬೇರೆ ನರಪಿಳ್ಳೆ ಇರಲಿಲ್ಲ.

ಈಗ ಅವರು ಬೂಟಿನ ತುದಿಯಿಂದ ಬೇಲಿಯ ಬುಡದ ಹುಲ್ಲನ್ನು ಆಚೀಚೆ ಸರಿಸುತ್ತ ನಿಂತಿದ್ದರು.

"ಏನಾದ್ರೂ ಸಿಕ್ತಾ ಮೇಡಂ?"

"ಸಿಕ್ತು. ದಫೇದಾರ್ರೇ, ಇದನ್ನ ಕಟ್ಟಿದ್ದು ನಮ್ಮ ಭಾವ ಅಲ್ಲ!"

ನನ್ನ ದನಿ ಎಷ್ಟು ಜೋರಾಗಿತ್ತೆಂದರೆ, ಒಳಗೆ ಹಳೆ ಕಬ್ಬಿಣ ಬಿಚ್ಚುತ್ತಿದ್ದವನು ಸುತ್ತಿಗೆ ನಿಲ್ಲಿಸಿ ಇತ್ತ ನೋಡಿದ.

ನಮ್ಮ ಅಪ್ಪ ಬೇಲಿ ಕೆಲಸದವರು. ದನದ ಕೊಟ್ಟಿಗೆ, ಸ್ಮಶಾನ, ಮಕ್ಕಳ ಪಾರ್ಕು, ಎಲ್ಲಕ್ಕೂ ಸುತ್ತು ಹಾಕಿದವರು. ಬೇಲಿ ಅಂದರೆ ಎಲ್ಲರಿಗೂ ಒಂದೇ ಎಂದು ತಿಳಿಯಬೇಡಿ. ದನ ಕಟ್ಟುವವನಿಗೆ ಅದು ಒಳಗಿನದು ಹೊರಗೆ ಹೋಗದಿರಲು. ತೋಟದವನಿಗೆ ಹೊರಗಿನದು ಒಳಗೆ ಬಾರದಿರಲು. ನಮ್ಮ ಬೀದಿಯ ಹೆಂಗಸರಿಗೆ ಬಟ್ಟೆ ಒಣಹಾಕಲು ಮತ್ತು ಆಚೆಯವಳ ಸೊಸೆಯ ಬಗ್ಗೆ ವಿಚಾರಿಸಲು. ಕಟ್ಟುವವನಿಗೆ ಮಾತ್ರ ಅದಕ್ಕೆ ಎರಡು ಬದಿ, ತಾನು ನಿಂತ ಬದಿ ಮತ್ತು ಆಚೆ ಬದಿ.

ಕಟ್ಟುತಂತಿಯನ್ನು ಜಾಲರಿಗೆ ಸುತ್ತಿ, ಎರಡೂ ತುದಿಗಳನ್ನು ತನ್ನ ಕಡೆ ಎಳೆದುಕೊಂಡು, ಇಕ್ಕಳದಿಂದ ತಿರುಚಬೇಕು. ತಿರುಚಿದ ಬಾಲ ಕಟ್ಟಿದವರು ನಿಂತ ಕಡೆಗೇ ಉಳಿಯುತ್ತದೆ. ಇಲ್ಲಿ ಬಾಲಗಳೆಲ್ಲ ಅಂಗಳದ ಕಡೆಗಿದ್ದವು.

"ಒಳಗೆ ನಿಂತು ಕಟ್ಟಿದ್ದಾರೆ," ಎಂದೆ. "ಕಳ್ಳ ಸೀಳಿಕೊಂಡು ಬಂದು, ಹೋಗ್ತಾ ಕಟ್ಟಿಹೋದ ಅನ್ನೋದು ಸುಳ್ಳು. ಕಟ್ಟಿದೋರು ಗೇಟಿನಿಂದ ಹೊರಗೆ ಹೋಗಿದ್ದಾರೆ. ಇನ್ನೊಂದು, ನಮ್ಮ ಭಾವ ಜಾಲರಿ ಕತ್ತರಿಸೋದೇ ಇಲ್ಲ."

"ಮತ್ತೆ?"

"ಜಾಲರಿ ಹೆಣೆದಿರೋದು ಒಂದೊಂದೇ ತಂತಿ ಸುರುಳಿ ಸುತ್ತಿ. ಮೇಲಿನ ತುದಿ ಬಿಡಿಸಿ ಒಂದೇ ಒಂದು ತಂತಿ ತಿರುಗಿಸಿ ಎಳೆದ್ರೆ ಇಡೀ ಬೇಲಿ ಬಾಗಿಲಿನ ಥರ ತೆರ್ಕೊಳ್ಳುತ್ತೆ. ಮತ್ತೆ ತಿರುಗಿಸಿ ಹಾಕಿದ್ರೆ ಗುರುತೂ ಉಳಿಯಲ್ಲ. ಬೇಲಿ ಕೆಲಸದೋನು ಕತ್ತರಿಸ್ತಾನಾ? ಕತ್ತರಿಸಿದ್ದು ಬೇಲಿ ಗೊತ್ತಿಲ್ಲದವನು. ಕಟ್ಟಿದ್ದು ಬೇಲಿ ಗೊತ್ತಿರೋರು. ಇಬ್ಬರು ಬೇರೆ ಬೇರೆ."

ದಫೇದಾರರು ಹುಲ್ಲು ಸರಿಸುವುದನ್ನು ನಿಲ್ಲಿಸಿದರು.

"ಅಂದ್ರೆ ಇನ್ನೊಬ್ರು ಒಳಗಿದ್ರು."

"ಹೂಂ."

"ಹಾಗಾದ್ರೆ ಅವರು ನೋಡಿರ್ತಾರೆ. ಏನಾದ್ರೂ ಬಿದ್ದಿದ್ರೆ ಎತ್ಕೊಂಡೂ ಇರ್ತಾರೆ," ಎಂದರು ನಿಧಾನವಾಗಿ. "ಯಾರಿರಬಹುದು ಮೇಡಂ?"

ನಾನು ನಗುತ್ತಲೇ ಇನ್ನೊಂದು ಗಂಟಿಗೆ ಬೆರಳು ಹಾಕಿದೆ. ಆಮೇಲೆ ಮತ್ತೊಂದಕ್ಕೆ. ನಗು ಅಲ್ಲೇ ನಿಂತಿತು.

ಪ್ರತಿ ಬಾಲವನ್ನೂ ಮಡಚಿ ಜಾಲರಿಯ ಸಂದಿಗೆ ಒತ್ತಿದ್ದರು. ಚುಚ್ಚದ ಹಾಗೆ. ಅದು ಅಪ್ಪನ ಪದ್ಧತಿ. "ಮಕ್ಕಳು ಕೈ ಹಾಕ್ತಾವೆ, ಮಡಚು" ಎಂದು ತಲೆಗೆ ಮೊಟಕಿ ಮೊಟಕಿ ಕಲಿಸಿದ್ದು. ಹಾಗೆ ಮಡಚುವವರು ಈಗ ಬದುಕಿರುವುದು ಮೂವರು: ಭಾವ, ನಾನು, ಅಕ್ಕ.

ಆ ಮಡಿಕೆಯ ಕೆಳಗೆ ತಿರುಚು ಎಡಕ್ಕೆ ಸುತ್ತಿಕೊಂಡಿತ್ತು. ಒಂದಲ್ಲ, ಎಲ್ಲವೂ.

ನಾನೂ ಭಾವನೂ ಬಲಗೈಯವರು. ಅಕ್ಕ ಎಡಚಿ.

ಕಾಲ ಕೆಳಗಿನ ನೆಲ ಕುಸಿಯಿತು ಎನ್ನುತ್ತಾರಲ್ಲ, ನನಗೆ ಹಾಗೇನೂ ಆಗಲಿಲ್ಲ. ನೆಲ ಇದ್ದಲ್ಲೇ ಇತ್ತು. ನಾನೇ ಎಲ್ಲಿಗೂ ಹೋಗಲಾರದೆ ಅದರ ಮೇಲೆ ನಿಂತಿದ್ದೆ. ಭಾವನನ್ನು ಬಿಡಿಸುವ ಸಾಕ್ಷಿ ಬೆರಳ ತುದಿಯಲ್ಲಿತ್ತು. ಅದನ್ನು ಹೊರಗೆ ತೆಗೆದರೆ ಅಕ್ಕ ಒಳಗೆ ಹೋಗುತ್ತಾಳೆ.

"ಯಾರು ಅಂತ ಹೊಳೀತಾ ಮೇಡಂ?" ದಫೇದಾರರು ಮತ್ತೆ ಕೇಳಿದರು.

"ಇಲ್ಲ."

"ಹೋಗ್ಲಿ ಬಿಡಿ. ಮುಖ ಬಾಡಿಹೋಗಿದೆ. ಅಕ್ಕನ ಮನೆ ಕಡೆ ಬಿಡ್ತೀನಿ, ಪಾಪ, ಆ ತಾಯಿಗೂ ಒಂದು ಮಾತು ಸಮಾಧಾನ ಹೇಳಿ ಬನ್ನಿ."

ಎಷ್ಟು ಒಳ್ಳೆಯವರು ಎಂದುಕೊಂಡೆ.

* * *

ಜೀಪಿನಲ್ಲಿ ಫೋನನ್ನು ಚಾರ್ಜಿಗೆ ಸಿಕ್ಕಿಸಿ ಕಣ್ಣು ಮುಚ್ಚಿಕೊಂಡೆ.

ಊರಿನಲ್ಲಿ ಬೇಲಿಗಳೇ ಕಳುವಾಗುತ್ತಿದ್ದವು. ಹೇಳಿದರೆ ಜನ ನಗುತ್ತಾರೆ. ಪಾರ್ಕಿನ ಬೇಲಿ, ಕಾಲುವೆ ಸೇತುವೆಯ ಕಂಬಿ, ಸ್ಮಶಾನದ ಗೇಟು, ಎಲ್ಲ ಒಂದೊಂದಾಗಿ ಮಾಯ. ಸತ್ತವರಿಗೂ ಕಾವಲಿಲ್ಲದಂತಾಯಿತು ಎಂದು ಭಾವ ನಗಾಡಿದ್ದರು. ಆ ಕಬ್ಬಿಣವೆಲ್ಲ ಹೋಗಿ ಸೇರುವುದು ಗುಜರಿ ಸಾಹುಕಾರನ ಅಂಗಳಕ್ಕೆ ಎಂದು ನನಗೆ ಗುಮಾನಿ. ಸಾಹುಕಾರ ತಾನಾಗಿ ಒಂದು ಮೊಳೆಯನ್ನೂ ಕದ್ದವನಲ್ಲ. ಕದ್ದವನಿಗೂ ಕೊಳ್ಳುವವನಿಗೂ ನಡುವೆ ನಿಂತು, ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದ ಹಾಗೆ ನೋಡಿಕೊಳ್ಳುವುದೇ ಅವನ ಕಸುಬು.

ಅಂಗಳ ಶೋಧಿಸಲು ವಾರಂಟು ಕೇಳಿದೆ. ಹೂಂ ಎನ್ನಲೂ ಉಹೂಂ ಎನ್ನಲೂ ಹೆದರುವ ನಮ್ಮ ಸಾಹೇಬರು "ನೋಡೋಣ" ಎಂದರು. ಅಷ್ಟರಲ್ಲಿ ಕಾವಲಿನ ಅಜ್ಜನೇ ನನ್ನನ್ನು ಕಂಡು, "ಸೇತುವೆ ಕಂಬಿ ಎಲ್ಲಿ ಹೂತಿದ್ದಾರೆ, ತಂದು ಹಾಕೋದು ಯಾರು, ಎಲ್ಲ ತೋರಿಸ್ತೀನಿ ತಾಯಿ" ಎಂದಿದ್ದ. ಆ ಮಾತನ್ನು ನಾನು ಹೇಳಿದ್ದು ಒಬ್ಬರಿಗೆ ಮಾತ್ರ, ಈಗ ಪಕ್ಕದಲ್ಲಿ ಜೀಪು ಓಡಿಸುತ್ತಿದ್ದವರಿಗೆ. ಮರುದಿನ ಸಂಜೆಯೇ ಅಜ್ಜನ ತಲೆಗೆ ಪೆಟ್ಟು ಬಿತ್ತು. ಯಾರೋ ಗೇಟಿನ ಗಂಟೆಯನ್ನು ಬಿಡದೆ ಬಾರಿಸಿ ಓಡಿಹೋಗಿದ್ದರಿಂದ ಎದುರಿನ ಚಹಾ ಅಂಗಡಿಯವರು ನುಗ್ಗಿ ಬಂದು ಅವನನ್ನು ಆಸ್ಪತ್ರೆಗೆ ಸೇರಿಸಿದ್ದರು.

ಆಸ್ಪತ್ರೆಯಲ್ಲಿ ಅಜ್ಜನ ಕೋಣೆಗೆ ಒಬ್ಬ ಪೇದೆಯನ್ನು ಕಾವಲು ಹಾಕಿ ಎಂದೆ. ಸಾಹೇಬರು ಅದಕ್ಕೂ "ನೋಡೋಣ" ಎಂದಿದ್ದರು.

ಇವತ್ತು ಬೆಳಿಗ್ಗೆ ಲಾಕಪ್ಪಿನ ಕಂಬಿಗಳ ನಡುವೆ ಭಾವನಿಗೆ ಚಹಾ ಕೊಟ್ಟೆ. ಅವರು ಲೋಟ ತೆಗೆದುಕೊಳ್ಳುವ ಮೊದಲು ಕಂಬಿಯನ್ನು ಬೆರಳಿನಿಂದ ತಟ್ಟಿ ನೋಡಿದರು.

"ಬೆಸುಗೆ ಸರಿ ಇಲ್ಲ ಕಣಮ್ಮ. ಜೋರಾಗಿ ಸೀನಿದ್ರೆ ಬಿದ್ದೋಗುತ್ತೆ. ನಿಮ್ಮ ಸಾಹೇಬರಿಗೆ ಹೇಳು, ನಾನು ಹೊರಗೆ ಬಂದ್ಮೇಲೆ ಮಾಡಿಕೊಡ್ತೀನಿ."

"ಭಾವ, ನೀವು ಆ ಬೇಲಿ ಕಟ್ಟಲಿಲ್ಲ ಅಂತ ಒಂದು ಮಾತು ಹೇಳಿ ಸಾಕು."

"ಫೋಟೋ ತೋರಿಸಿದ್ರು. ನೋಡಿದೆ. ನಾನೇ ಕಟ್ಟಿದ್ದು ಅಂತ ಬರೆದುಕೊಟ್ಟೆ." ಅವರು ಚಹಾ ಕುಡಿದು ಲೋಟ ಹಿಂದಕ್ಕೆ ಕೊಟ್ಟರು. "ಇನ್ನು ಕೇಳಬೇಡ. ನಿಮ್ಮಕ್ಕ ಸರಿಯಾಗಿ ಊಟ ಮಾಡ್ತಿದಾಳಾ?"

ಆಗ ಅರ್ಥವಾಗಿರಲಿಲ್ಲ. ಈಗ ಜೀಪಿನಲ್ಲಿ ಕುಳಿತಾಗ ಆಯಿತು. ಫೋಟೋದಲ್ಲಿ ಅವರು ಹೆಂಡತಿಯ ಕೈಯನ್ನು ಗುರುತು ಹಿಡಿದಿದ್ದರು.

* * *

ಅಕ್ಕನ ಮನೆಗೆ ಬೇಲಿ ಇಲ್ಲ. ಅಪ್ಪನ ಕಾಲದಿಂದಲೂ ಇಲ್ಲ. ಊರಿಗೆಲ್ಲ ಸುತ್ತು ಹಾಕಿದವರಿಗೆ ತಮ್ಮ ಮನೆಗೆ ಹಾಕಲು ಪುರುಸೊತ್ತಾಗಲಿಲ್ಲ. "ಬರೋ ತಿಂಗಳು ಹಾಕಿಬಿಡೋಣ" ಎನ್ನುತ್ತಲೇ ಅಪ್ಪ ಹೋದರು, ಭಾವನೂ ಅದನ್ನೇ ಹೇಳುತ್ತ ಬಂದರು. ರಸ್ತೆಯಲ್ಲಿ ನಿಂತರೆ ಶೆಡ್ಡಿನ ಒಳಗಿನ ಕೊನೆಯ ಸುರುಳಿಯವರೆಗೂ ಕಾಣುತ್ತದೆ. ದಫೇದಾರರು ಜೀಪನ್ನು ಎದುರಿಗೇ ನಿಲ್ಲಿಸಿದರು.

"ನಿಧಾನವಾಗಿ ಮಾತಾಡಿ ಬನ್ನಿ ಮೇಡಂ. ನನಗೇನೂ ಅವಸರವಿಲ್ಲ."

ಶೆಡ್ಡಿನಲ್ಲಿ ಜಾಲರಿ ಹೆಣೆಯುವ ಯಂತ್ರ ಗರಗರ ಎನ್ನುತ್ತಿತ್ತು. ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹೊರಬರುವ ತಂತಿ ಸುರುಳಿಗಳನ್ನು ಒಂದಕ್ಕೊಂದು ತೂರಿಸುತ್ತಿದ್ದಳು. ಮೂರು ದಿನದಿಂದ ನನ್ನೊಡನೆ ಎರಡು ಮಾತಿಗಿಂತ ಹೆಚ್ಚು ಆಡಿರಲಿಲ್ಲ. ನನ್ನ ಠಾಣೆಯವರೇ ಅವಳ ಗಂಡನನ್ನು ಹಿಡಿದಿದ್ದಕ್ಕೆ ಕೋಪ ಎಂದು ತಿಳಿದಿದ್ದೆ.

"ಅವರು ಊಟ ಮಾಡಿದ್ರಾ?" ತಲೆ ಎತ್ತದೆ ಕೇಳಿದಳು.

"ಮಾಡಿದ್ರು. ಲಾಕಪ್ಪಿನ ಬೆಸುಗೆ ಸರಿ ಇಲ್ವಂತೆ."

ಅವಳ ತುಟಿಯ ಕೊನೆ ಒಮ್ಮೆ ಅಲುಗಿತು, ಅಷ್ಟೆ.

"ಅಕ್ಕ, ಮೆಷಿನ್ ನಿಲ್ಲಿಸು."

"ನಾಳೆಗೆ ಕೊಡ್ಬೇಕು ಇದನ್ನ."

"ನಿಲ್ಲಿಸು ಅಂದೆ."

"ಇದು ನಿನ್ನ ಸ್ಟೇಷನ್ನಲ್ಲ, ದರ್ಪ ತೋರಿಸ್ಬೇಡ."

ನಾನೇ ಹೋಗಿ ಸ್ವಿಚ್ಚು ಆರಿಸಿದೆ. ಗದ್ದಲ ನಿಂತ ಮೇಲೆ ಅವಳ ಉಸಿರು ಕೇಳಿಸತೊಡಗಿತು. ಹತ್ತಿರ ಹೋಗಿ ಅವಳ ಎಡಗೈ ಹಿಡಿದುಕೊಂಡೆ. ಹೆಬ್ಬೆರಳ ಬುಡದಲ್ಲಿ ಒಣಗುತ್ತಿದ್ದ ಗೀರು.

"ಇದೇನು?"

"ತಂತಿ ಕೆಲಸದಲ್ಲಿ ಗಾಯ ಆಗದೆ ಹೂವು ಅರಳುತ್ತಾ?"

"ಸಾಹುಕಾರನ ಬೇಲಿ ಕಟ್ಟಿದ್ದು ನೀನು."

ಅವಳು ಕೈ ಎಳೆದುಕೊಳ್ಳಲಿಲ್ಲ.

"ಬಾಲ ಎಲ್ಲ ಒಳಗಡೆ ಇದೆ ಅಕ್ಕ. ತಿರುಚಿದ್ದು ಎಡಕ್ಕೆ. ಸಾಲದ್ದಕ್ಕೆ ಒಂದೊಂದನ್ನೂ ಮಡಚಿದ್ದೀಯ."

ಅಕ್ಕ ತನ್ನ ಕೈಯನ್ನೇ ಬೇರೆ ಯಾರದೋ ಎಂಬಂತೆ ನೋಡಿದಳು.

"ಮಡಚಿಬಿಟ್ನಾ?"

"ಹೂಂ."

"ಕತ್ತಲಾಗ್ತಿತ್ತು ಕಣೇ. ಜೀವ ಬಾಯಿಗೆ ಬಂದಿತ್ತು. ಬೇಗ ಬೇಗ ಕಟ್ಟಿ ಓಡ್ಬೇಕು ಅಂತಿದ್ದೆ. ಆದ್ರೂ ಮಡಚಿದೀನಿ ನೋಡು! ಅಪ್ಪ ಬಂದು ಮೊಟಕ್ತಾರೆ ಅಂತ ಈ ಹಾಳು ಕೈಗೆ ಇನ್ನೂ ಭಯ." ಅವಳು ತಂತಿ ಸುರುಳಿಯ ಮೇಲೆ ಕುಸಿದು ಕುಳಿತಳು. "ಅದೊಂದು ಮಡಿಕೆ ಇಲ್ದೇ ಇದ್ದಿದ್ರೆ ಅವರನ್ನ ಹಿಡೀತಿರ್ಲಿಲ್ಲ, ಅಲ್ವಾ?"

ಗಂಡನಿಗೆ ಕೋಳ ತೊಡಿಸಿದ್ದು ಅವಳದೇ ಕೈಚಳಕವಾಗಿತ್ತು.

"ಅಲ್ಲಿಗೆ ಯಾಕೆ ಹೋಗಿದ್ದೆ?"

"ಅವರು ಅವತ್ತು ಅಲ್ಲಿ ಕೆಲಸ ಮುಗಿಸಿ ಇಕ್ಕಳ, ಕಟ್ಟುತಂತಿ ಇದ್ದ ಚೀಲ ಮರೆತು ಬಂದಿದ್ರು. ಬೆಳಿಗ್ಗೆ ಬೇರೆ ಕಡೆ ಕೆಲಸ. ತರೋಣ ಅಂತ ಹೋದೆ. ಗೇಟು ತೆರೆದೇ ಇತ್ತು. ಚೀಲ ಎತ್ಕೊಂಡೆ, ಅಜ್ಜನ್ನ ಮಾತಾಡಿಸೋಣ ಅಂತ ಹಿಂದಕ್ಕೆ ಹೋದ್ರೆ..." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಬಿದ್ದಿದ್ದ. ಬೇಲಿ ಸೀಳಿತ್ತು. ಯಾರೂ ಇರ್ಲಿಲ್ಲ."

"ಗಂಟೆ ಬಾರಿಸಿದ್ದು ನೀನೇನಾ?"

"ಇನ್ಯಾರು? ಆ ಮುದುಕನ್ನ ಹಾಗೇ ಬಿಟ್ಟು ಬರ್ತೀನಾ?"

"ಬೇಲಿ ಯಾಕೆ ಕಟ್ಟಿದೆ ಅಕ್ಕ? ಹಾಗೇ ಬಿಟ್ಟು ಬಂದಿದ್ರೆ ಆಗ್ತಿತ್ತು. ಯಾರನ್ನ ಕಾಪಾಡೋಕೆ ಕಟ್ಟಿದೆ?"

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಕೋಪವಿರಲಿಲ್ಲ. ಮೂರು ದಿನದಿಂದ ನಾನು ಕೋಪ ಎಂದುಕೊಂಡಿದ್ದು ಬೇರೇನೋ ಆಗಿತ್ತು.

"ನನ್ನ ಬಾಯಿಂದ ಹೇಳಿಸ್ಬೇಡ."

"ಹೇಳು."

"ಹೇಳಲ್ಲ. ಅವರು ಜೈಲಿಗೆ ಹೋಗ್ಲಿ. ಬೇಕಾದ್ರೆ ನಾನೂ ಹೋಗ್ತೀನಿ. ನಿನ್ನ ಹೆಸರು ಮಾತ್ರ ನನ್ನ ಬಾಯಿಂದ ಬರಲ್ಲ."

"ನನ್ನ ಹೆಸರಾ?"

ಅಕ್ಕ ಎದ್ದಳು. ಶೆಡ್ಡಿನ ಮುಂಬಾಗಿಲ ಬಳಿ ತಂತಿ ಚೂರುಗಳನ್ನು ಹಾಕುವ ಡ್ರಮ್ಮು ಇತ್ತು. ಬಗ್ಗಿ, ಮೊಣಕೈವರೆಗೆ ತೋಳು ಇಳಿಸಿ, ಚೂರುಗಳ ಅಡಿಯಿಂದ ಒಂದು ಬಟ್ಟೆಯ ಗಂಟನ್ನು ಎಳೆದು ಬಿಚ್ಚಿದಳು. ಒಳಗೆ ಉದ್ದನೆಯ ಕಪ್ಪು ಟಾರ್ಚ್. ಅದರ ಹಿಡಿಯ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಂಬರು. ಠಾಣೆಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಕೊಟ್ಟಿದ್ದಾರೆ.

ಆ ನಂಬರು ನನ್ನದು.

"ಸೀಳಿನ ಬುಡದಲ್ಲಿ, ಹುಲ್ಲಿನೊಳಗೆ ಬಿದ್ದಿತ್ತು," ಎಂದಳು ಅಕ್ಕ. "ಇನ್ನೂ ಉರೀತಿತ್ತು. ನೀನೇ ಅಲ್ವೇನೇ ಹಿಂದಿನ ದಿನ ಊಟಕ್ಕೆ ಕೂತು ಹಾರಾಡಿದ್ದು? ವಾರಂಟ್ ಕೊಡದಿದ್ರೆ ನಾನೇ ಬೇಲಿ ಕತ್ತರಿಸಿ ಒಳಗೆ ನುಗ್ತೀನಿ ಅಂತ?"

"ಅಕ್ಕ! ನಾನು ಆ ಅಜ್ಜನಿಗೆ ಹೊಡೀತೀನಾ?"

"ಹೊಡೆದೆ ಅಂದ್ಕೊಳ್ಳಲಿಲ್ಲ. ಕಳ್ಳ ಅಂತ ಅವನೇ ಮೇಲೆ ಬಿದ್ದಿರ್ಬೇಕು, ತಳ್ಳಾಟದಲ್ಲಿ ಪೆಟ್ಟಾಗಿರ್ಬೇಕು, ನೀನು ಹೆದರಿ ಓಡಿರ್ಬೇಕು ಅಂದ್ಕೊಂಡೆ. ಬೇಲಿ ಮುಚ್ಚಿದ್ರೆ ಮುದುಕ ತಾನೇ ಎಡವಿ ಬಿದ್ದ ಅಂದ್ಕೊಳ್ತಾರೆ ಅಂತ ಕಟ್ಟಿದೆ. ನನ್ನ ಬುದ್ಧಿ ಅಷ್ಟೇ ಓಡಿದ್ದು." ಅವಳ ದನಿ ಒಡೆಯಿತು. "ಮಾರನೇ ದಿನ ಅವರನ್ನ ಕರ್ಕೊಂಡ್ ಹೋದ್ರು. ಅವರನ್ನ ಬಿಡಿಸೋಕೆ ಹೋದ್ರೆ ನಿನ್ನನ್ನ ಕೊಡ್ಬೇಕು. ನಿನ್ನನ್ನ ಉಳಿಸ್ಕೊಂಡ್ರೆ ಅವರು ಹೋಗ್ತಾರೆ. ನಾನೇನು ಮಾಡ್ಲಿ ಹೇಳು, ನಾನೇನು ಮಾಡ್ಲಿ?"

ಅಳು ತಡೆಯಲಾಗಲಿಲ್ಲ. ಇಬ್ಬರೂ ಟಾರ್ಚನ್ನು ನಡುವೆ ಇಟ್ಟುಕೊಂಡು ಅತ್ತೆವು. ನನ್ನನ್ನು ಉಳಿಸಲು ಅಕ್ಕ, ಅಕ್ಕನನ್ನು ಉಳಿಸಲು ಭಾವ, ಒಬ್ಬರ ಸುತ್ತ ಒಬ್ಬರು ನಿಂತು ಬಾಯಿ ಬಿಗಿದುಕೊಂಡಿದ್ದರು. ಪೊಲೀಸಿನವಳಾದ ನನಗೆ ಅದರ ವಾಸನೆಯೂ ಬಡಿದಿರಲಿಲ್ಲ.

ಹೊರಗೆ ನನ್ನ ಫೋನು ಎಲ್ಲೋ ರಿಂಗಾದಂತೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ನಿಂತಿತು.

"ಅಕ್ಕ, ನನ್ನಾಣೆ, ನಾನು ಅಲ್ಲಿಗೆ ಹೋಗೇ ಇಲ್ಲ. ಈ ಟಾರ್ಚ್ ನನ್ನ ಹತ್ರ ಇರ್ಲೇ ಇಲ್ಲ."

"ಮತ್ತೆ ಯಾರ ಹತ್ರ ಇತ್ತು?"

ಟಾರ್ಚಿನ ಮೇಲಿನ ನಂಬರನ್ನು ಮತ್ತೊಮ್ಮೆ ನೋಡಿದೆ.

ಅವರ ಟಾರ್ಚ್ ಕೆಟ್ಟಿತ್ತು. "ಒಂದೆರಡು ದಿನಕ್ಕೆ ಕೊಡಿ ಮೇಡಂ" ಎಂದು ನನ್ನದನ್ನು ಒಯ್ದಿದ್ದರು. ಆಮೇಲೆ "ನಿಮ್ಮ ಡ್ರಾಯರಿನಲ್ಲಿ ಇಟ್ಟಿದ್ದೀನಿ" ಎಂದರು. ನಾನು ತೆರೆದು ನೋಡಿರಲಿಲ್ಲ. ಅವರ ಮಾತನ್ನು ಯಾರಾದರೂ ತೆರೆದು ನೋಡುತ್ತಾರೆಯೇ?

"ಅಕ್ಕ, ನಾನು ಬೇಲಿ ಕತ್ತರಿಸ್ತೀನಿ ಅಂದಾಗ ಊಟಕ್ಕೆ ಯಾರ್ಯಾರು ಕೂತಿದ್ವಿ?"

"ನಾನು ಬಡಿಸ್ತಿದ್ದೆ. ನೀನು, ಅವರು..." ಅಕ್ಕ ಅಲ್ಲಿಗೇ ನಿಲ್ಲಿಸಿದಳು. "ದಫೇದಾರರು."

ಅಜ್ಜ ಸಾಕ್ಷಿ ಹೇಳಲು ಒಪ್ಪಿದ್ದು ಗೊತ್ತಿದ್ದದ್ದು ಅವರಿಗೆ. ಕದ್ದ ಕಬ್ಬಿಣದಲ್ಲಿ ಪಾಲಿದ್ದವರ ಪೈಕಿ ಅವರ ಹೆಸರೂ ಅಜ್ಜನ ಬಾಯಿಂದ ಬರುತ್ತಿತ್ತೇನೋ. ನನ್ನ ಬಾಯಿಹರುಕ ಮಾತು ಕೇಳಿಸಿಕೊಂಡದ್ದು ಅವರು. ನನ್ನ ಟಾರ್ಚು ಅವರ ಕೈಯಲ್ಲಿ. ಬೇಲಿ ಗೊತ್ತಿಲ್ಲದವನ ಹಾಗೆ ಸೀಳಿ, ನನ್ನ ನಂಬರನ್ನು ಹುಲ್ಲಿನಲ್ಲಿ ಬಿಟ್ಟು ಹೋದರೆ ಸಾಕು, ಬೆಳಗಾಗುವಷ್ಟರಲ್ಲಿ ಲಾಕಪ್ಪಿನಲ್ಲಿ ನಾನಿರುತ್ತಿದ್ದೆ. ಅಕ್ಕ ಬಂದು ಎರಡನ್ನೂ ಅಳಿಸಿಬಿಟ್ಟಿದ್ದಳು. ಬೇಲಿಯ ಬುಡದಲ್ಲಿ ಅವರು ಬೂಟಿನ ತುದಿಯಿಂದ ಹುಡುಕುತ್ತಿದ್ದದ್ದು ಇದನ್ನೇ. ಇವತ್ತು ನನ್ನನ್ನು ಬೇಲಿಯ ಹತ್ತಿರ ಕರೆದೊಯ್ದದ್ದು ನನಗೆ ಉಪಕಾರ ಮಾಡಲಿಕ್ಕೆ ಅಲ್ಲ. ಕಟ್ಟಿದವರು ಯಾರು ಎಂದು ಅವರಿಗೆ ಗೊತ್ತಾಗಬೇಕಿತ್ತು. ಆ ಕೆಲಸವನ್ನು ನಾನೇ ಮಾಡಿಕೊಟ್ಟೆ.

ಈ ಶೆಡ್ಡಿಗೆ ಮರೆ ಇಲ್ಲ ಎಂಬುದು ಆಗ ನೆನಪಾಯಿತು. ಅಕ್ಕ ಡ್ರಮ್ಮಿನಿಂದ ಟಾರ್ಚ್ ಎತ್ತಿದ್ದು ರಸ್ತೆಗೆ ಮುಖ ಮಾಡಿಕೊಂಡು.

ತಿರುಗಿ ನೋಡಿದೆ. ಜೀಪು ನಿಂತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು.

* * *

ರಸ್ತೆಗೆ ಓಡಿದೆ. ಆ ತುದಿಯವರೆಗೂ ಜೀಪಿಲ್ಲ. ಒಬ್ಬಾಕೆ ಎದುರು ಮನೆಯ ಬೇಲಿಯ ಮೇಲೆ ಹಾಸಿಗೆ ಬಟ್ಟೆ ಹರವುತ್ತಿದ್ದಳು.

"ಜೀಪು ಯಾವ ಕಡೆ ಹೋಯ್ತು?"

"ಆಗ್ಲೇ ಹೋಯ್ತಲ್ಲ, ಪೇಟೆ ಕಡೆಗೆ. ಫೋನಲ್ಲಿ ಮಾತಾಡ್ತಾ ಮಾತಾಡ್ತಾನೇ ಹೊರಟ್ರು."

ಫೋನು. ನನ್ನ ಫೋನು ಜೀಪಿನಲ್ಲೇ ಚಾರ್ಜಿಗಿತ್ತು. ಅಜ್ಜ ಕಣ್ಣು ಬಿಟ್ಟರೆ ಮೊದಲು ನನಗೆ ತಿಳಿಸಿ ಎಂದು ಆಸ್ಪತ್ರೆಯ ನರ್ಸಮ್ಮನಿಗೆ ಕೊಟ್ಟಿದ್ದದ್ದು ಆ ನಂಬರನ್ನೇ.

"ಅಕ್ಕ, ನಿನ್ನ ಫೋನ್ ಕೊಡು! ಆಸ್ಪತ್ರೆ ನಂಬರ್ ಎಲ್ಲಿ ಸಿಗುತ್ತೆ?"

"ನನ್ನ ಫೋನಲ್ಲೇ ಇದೆ," ಎಂದಳು ಅಕ್ಕ. "ದಿನಾ ಮಾಡಿ ಕೇಳ್ತಿದ್ದೆ, ಅಜ್ಜ ಹೇಗಿದ್ದಾನೆ ಅಂತ."

ಲೈನ್ ಬ್ಯುಸಿ ಎಂದಿತು. ಮತ್ತೆ ಮಾಡಿದೆ. ಆಟೋ ಸಿಗುತ್ತದೆಯೇ ಎಂದು ಅಕ್ಕ ರಸ್ತೆಯ ನಡುವೆ ಹೋಗಿ ಕೈ ಆಡಿಸುತ್ತ ನಿಂತಳು. ಬಂದ ಒಂದೇ ಆಟೋದಲ್ಲಿ ಜನರಿದ್ದರು, ಅದು ನಿಲ್ಲಲಿಲ್ಲ. ಸಾಹೇಬರಿಗೆ ಮಾಡಿದೆ. "ಮೀಟಿಂಗಿನಲ್ಲಿದ್ದಾರೆ, ಏನು ಹೇಳ್ಬೇಕು?" ಎಂದು ಯಾರೋ ಕೇಳಿದರು. ಏನು ಹೇಳಲಿ? ನಿಮ್ಮ ಠಾಣೆಯ ಅತ್ಯಂತ ನಂಬಿಕಸ್ಥ ಮನುಷ್ಯ ಒಬ್ಬ ಮುದುಕನನ್ನು ಕೊಲ್ಲಲು ಹೊರಟಿದ್ದಾನೆ, ಅದಕ್ಕೆ ಸಾಕ್ಷಿ ನನ್ನ ಸ್ವಂತ ನಂಬರಿನ ಟಾರ್ಚು, ಅದನ್ನು ಬಚ್ಚಿಟ್ಟವಳು ನನ್ನ ಅಕ್ಕ ಎಂದರೆ ಯಾರು ನಂಬುತ್ತಾರೆ? ನಾನೇ ನಂಬುತ್ತಿರಲಿಲ್ಲ. "ಆಸ್ಪತ್ರೆಗೆ ಈಗಲೇ ಇಬ್ಬರನ್ನ ಕಳಿಸೋಕೆ ಹೇಳಿ" ಎಂದೆ. "ನೋಡ್ತೀವಿ ಮೇಡಂ" ಎಂದು ಇಟ್ಟುಬಿಟ್ಟರು.

ಮತ್ತೆ ಆಸ್ಪತ್ರೆಗೆ. ಈ ಸಲ ಎತ್ತಿದರು. ನರ್ಸಮ್ಮನದೇ ದನಿ. ಖುಷಿಯಾಗಿದ್ದಳು.

"ಮೇಡಂ, ನಿಮಗೇ ಫೋನ್ ಮಾಡಿದ್ದೆ! ಅಜ್ಜ ಕಣ್ಣು ಬಿಟ್ಟ. ನೀರು ಕೇಳಿದ. 'ಆ ಮೇಡಂ ಬರ್ಲಿ, ಹೇಳ್ತೀನಿ' ಅಂತಿದಾನೆ."

"ಅವನ ಹತ್ರ ಯಾರನ್ನೂ ಬಿಡಬೇಡಿ. ಯಾರನ್ನೂ! ನೀವೇ ಹೋಗಿ ಪಕ್ಕದಲ್ಲಿ ಕೂತ್ಕೊಳ್ಳಿ."

"ಏನೂ ಭಯ ಇಲ್ಲ ಮೇಡಂ, ನಿಮ್ಮ ಸ್ಟೇಷನ್ನಿನ ಸಾರ್ ಬಂದಿದಾರಲ್ಲ. ನಿಮ್ಮ ಫೋನ್ ಎತ್ತಿದ್ದೂ ಅವರೇ. ಎಷ್ಟು ಬೇಗ ಬಂದ್ಬಿಟ್ರು! ಹೇಳಿಕೆ ತಗೋಬೇಕು, ಎಲ್ಲ ಹೊರಗಿರಿ ಅಂತ ನಮ್ಮನ್ನ ಕಳಿಸಿದ್ರು."

"ಒಳಗೆ ಹೋಗಿ! ಈಗ್ಲೇ ಬಾಗಿಲು ತೆಗೆದು ಒಳಗೆ ಹೋಗಿ!"

ಅವಳ ಚಪ್ಪಲಿಯ ಸದ್ದು ಕೇಳಿಸಿತು. ಬಾಗಿಲು ತಟ್ಟಿದ್ದು ಕೇಳಿಸಿತು. ಮತ್ತೆ ತಟ್ಟಿದಳು, ಈ ಸಲ ಜೋರಾಗಿ. "ಸಾರ್" ಎಂದು ಕೂಗಿದಳು. ಅಕ್ಕ ನನ್ನ ತೋಳನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು.

"ಮೇಡಂ," ಎಂದಳು ನರ್ಸಮ್ಮ. ದನಿಯಲ್ಲಿ ಖುಷಿ ಉಳಿದಿರಲಿಲ್ಲ. "ಒಳಗಿನಿಂದ ಚಿಲಕ ಹಾಕ್ಕೊಂಡಿದಾರೆ."